ಘಟ್ಟ ಏರುವಾಗ ಮಾತ್ರ ಕುಸಿಯುವ ಚಾರ್ಜಿಂಗ್

ನಿಂತಲ್ಲಿ ಸರಿಯಾಗಿ ಚಾರ್ಜ್ ಆಗುವ ಲಾರಿ ತುಂಬಿದ ಟ್ರೇಲರ್ ಎಳೆದು ಘಟ್ಟ ಹತ್ತುವಾಗ ಮಾತ್ರ ಕೈಕೊಡುತ್ತಿದ್ದರೆ, ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಬಿಚ್ಚುವ ಮೊದಲು ಅರ್ತ್ ದಾರಿಯನ್ನು, ಅಂದರೆ ಕರೆಂಟು ಲೋಹದ ಬಾಡಿಯ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿಯನ್ನು, ಅಳೆಯಬೇಕು ಎಂಬುದು ಆಟೋ ಎಲೆಕ್ಟ್ರಿಷಿಯನ್ ಆಗಿ ನಾನು ಪಾಲಿಸುವ ಕ್ರಮ.

ಮಂಗಳೂರು ಬಂದರಿನಿಂದ ಶಿರಾಡಿ ಘಾಟಿಯ ಮೂಲಕ ಕಂಟೇನರ್ ಸಾಗಿಸುವ ಲಾರಿಯೊಂದು ನನ್ನಲ್ಲಿಗೆ ಬರುವ ಹೊತ್ತಿಗೆ, ಅದಕ್ಕೆ ಬೇರೆಡೆ ಹೊಸ ಆಲ್ಟರ್ನೇಟರ್ ಹಾಕಿಯಾಗಿತ್ತು. ಆದರೂ ಗುಂಡ್ಯ ದಾಟಿ ಏರು ಶುರುವಾದೊಡನೆ ಹೆಡ್‌ಲೈಟ್ ಮಂಕಾಗುತ್ತಿತ್ತು, ವೈಪರ್ ನಿಧಾನವಾಗುತ್ತಿತ್ತು. ಚಾರ್ಜಿಂಗ್ ಕೈಕೊಟ್ಟರೆ ಎಚ್ಚರಿಸುವ ಚಾರ್ಜ್ ದೀಪ ಮಾತ್ರ ಹೊತ್ತಿಕೊಳ್ಳುತ್ತಿರಲಿಲ್ಲ. ಬೆಳಗ್ಗೆ ಕೆಲವೊಮ್ಮೆ ಸೆಲ್ಫ್ ಮಂದವಾಗಿ ತಿರುಗುತ್ತದೆ ಎಂಬುದನ್ನು ಚಾಲಕರು ನಾನು ಕೇಳಿದ ಮೇಲೆ ತಿಳಿಸಿದರು. ಈ ಮಾತು ನನಗೆ ಬಹಳ ಮುಖ್ಯವೆನಿಸಿತು, ಏಕೆಂದರೆ ಸೆಲ್ಫ್ ಮೋಟಾರಿಗೂ ಆಲ್ಟರ್ನೇಟರಿಗೂ ಎಂಜಿನ್ನಿನ ಅರ್ತ್ ಪಟ್ಟಿ ಒಂದೇ.

ಇಂಥ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 28 ವೋಲ್ಟ್ ಕಾಣಬೇಕು. ಶೆಡ್ಡಿನಲ್ಲಿ ಎಲ್ಲ ದೀಪ, ವೈಪರ್ ಹಾಕಿ ನೋಡಿದಾಗಲೂ 27.6 ಇತ್ತು. ಬೆಲ್ಟ್ ಬಿಗಿಯಾಗಿತ್ತು. ಟ್ರೇಲರಿನ ಏಳು ಪಿನ್ನಿನ ಪ್ಲಗ್ ಕಿತ್ತರೂ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಚಾಲನೆಯಲ್ಲಿರುವ ಎಂಜಿನ್ನಿನ ಬ್ಯಾಟರಿ ಕೇಬಲ್ ತೆಗೆದು ಆಲ್ಟರ್ನೇಟರನ್ನು ಪರೀಕ್ಷಿಸುವ ಅಭ್ಯಾಸ ಇನ್ನೂ ಕೆಲವರಲ್ಲಿದೆ. ಅದರಿಂದ ಏಳುವ ಅಧಿಕ ವೋಲ್ಟೇಜ್ ಆಲ್ಟರ್ನೇಟರಿನೊಳಗಿನ ಡಯೋಡ್‌ಗಳನ್ನು ಸುಡಬಲ್ಲದು. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್-6 ಹೊಗೆ ನಿಯಮದ ಲಾರಿಗಳಲ್ಲಿ ಎಂಜಿನ್ ನಿಯಂತ್ರಿಸುವ ದುಬಾರಿ ಕಂಪ್ಯೂಟರ್ ಆದ ಇಸಿಯುಗೂ ಅಪಾಯವಿರುವುದರಿಂದ ಅದನ್ನು ಖಂಡಿತ ಮಾಡಬಾರದು.

ಭಾರ ಎಳೆಯುವಾಗ ಬರುವ ದೋಷವನ್ನು ಭಾರ ಎಳೆಯುವಾಗಲೇ ಅಳೆಯಬೇಕು. ಹಾಗಾಗಿ ಆಲ್ಟರ್ನೇಟರಿನ ಬಿ ಪ್ಲಸ್ ತುದಿ (ಕರೆಂಟು ಹೊರಬರುವ ತುದಿ) ಮತ್ತು ಅದರ ಬಾಡಿಯಿಂದ ಒಂದು ಜೋಡಿ, ಬ್ಯಾಟರಿಯ ಎರಡು ಟರ್ಮಿನಲ್‌ಗಳಿಂದ ಇನ್ನೊಂದು ಜೋಡಿ ತಂತಿಯನ್ನು ಫ್ಯೂಸ್ ಸಹಿತ ಕ್ಯಾಬಿನ್ನಿಗೆ ಎಳೆದು ಎರಡು ಮಲ್ಟಿಮೀಟರ್ ಜೋಡಿಸಿದೆ. ಕಡಿದಾದ ಏರಿನಲ್ಲಿ ಆಲ್ಟರ್ನೇಟರ್ 28.0 ತೋರಿಸುತ್ತಿದ್ದರೆ ಬ್ಯಾಟರಿ 26.3ಕ್ಕೆ ಇಳಿದಿತ್ತು. ಮುಂದಿನ ಏರಿನಲ್ಲಿ ಪ್ಲಸ್ಸಿನಿಂದ ಪ್ಲಸ್ಸಿಗೆ ಅಳೆದಾಗ 0.2, ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ ಅಳೆದಾಗ 1.5 ವೋಲ್ಟ್ ಬಂತು. ಅಂದರೆ ನಷ್ಟದ ಬಹುಪಾಲು ಅರ್ತ್ ದಾರಿಯಲ್ಲಿತ್ತು. ಆಲ್ಟರ್ನೇಟರ್ ತನ್ನ ಮಟ್ಟಿಗೆ ಸರಿಯಾಗಿಯೇ ವೋಲ್ಟೇಜ್ ಕೊಡುತ್ತಿದ್ದುದರಿಂದ ಚಾರ್ಜ್ ದೀಪಕ್ಕೆ ಹೊತ್ತಿಕೊಳ್ಳುವ ಕಾರಣವೇ ಇರಲಿಲ್ಲ.

ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ ನೋಡಿದೆ. ಮೇಲ್ನೋಟಕ್ಕೆ ಗಟ್ಟಿಯಾಗಿದ್ದ ಆ ಪಟ್ಟಿಯ ತಾಮ್ರದ ಎಳೆಗಳು ಲಗ್ಗಿನ (ಬೋಲ್ಟ್ ಹಾಕುವ ಲೋಹದ ತುದಿಯ) ಬುಡದಲ್ಲಿ ಹಸಿರುಗಟ್ಟಿ ಬಹುಪಾಲು ತುಂಡಾಗಿದ್ದವು. ನಿಂತಾಗ ತುಂಡಾದ ಎಳೆಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು. ತುಂಬಿದ ಟ್ರೇಲರ್ ಎಳೆಯುವಾಗ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಒಂದು ಬದಿಗೆ ವಾಲುವುದರಿಂದ ಅವು ಬಿಟ್ಟುಕೊಳ್ಳುತ್ತಿದ್ದವು. ಈ ಪಟ್ಟಿ ಪೂರ್ತಿ ಹರಿದರೆ ಕರೆಂಟು ಗೇರ್ ಕೇಬಲ್‌ನಂಥ ಸಣ್ಣ ದಾರಿ ಹುಡುಕಿ ಅದನ್ನೇ ಸುಡಬಹುದು.

ಚಾಸಿಯ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಎಂಜಿನ್ ವಾಲಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು ಹೊಸ ಪಟ್ಟಿ ಕೂರಿಸಿ, ಜೋಡಣೆಯ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಅದೇ ಏರಿನಲ್ಲಿ ಅರ್ತ್ ನಷ್ಟ 0.1ಕ್ಕೆ ಇಳಿಯಿತು, ಬ್ಯಾಟರಿ 27.7ರಲ್ಲಿ ನಿಂತಿತು. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಪೂರ್ಣ ಚಾರ್ಜ್ ಮಾಡಿ, ಎರಡರ ವೋಲ್ಟೇಜ್ ಸಮವಾಗಿದೆಯೆಂದು ನೋಡಿದ ಮೇಲೆಯೇ ಮತ್ತೆ ಜೋಡಿಸಿ ಲಾರಿಯನ್ನು ಕಳುಹಿಸಿದೆ.