ಗುದ್ದಿದ ಕಾರು ಕೊಳ್ಳುವ ಮುಂಚೆ ನಾನು ನೋಡುವ ಕ್ರಮ

"ಸಣ್ಣ ಟಚ್ ಆಗಿತ್ತು ಸಾರ್, ಅಷ್ಟೆ." ಸೆಕೆಂಡ್ ಹ್ಯಾಂಡ್ ಕಾರು ತೋರಿಸುವ ಬ್ರೋಕರ್‌ಗಳೆಲ್ಲರ ಬಾಯಲ್ಲೂ ಇದೇ ಮಾತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಐದಾರು ವರ್ಷ ಓಡಿದ ಗಾಡಿಗೆ ಒಂದೂ ಟಚ್ ಆಗಿಲ್ಲ ಎನ್ನುವವರನ್ನು ಕಂಡರೇ ನನಗೆ ಹೆಚ್ಚು ಅನುಮಾನ. ಹಾಗಾಗಿ ಆಕ್ಸಿಡೆಂಟ್ ಆಗಿದೆಯಾ ಎಂದು ಕೇಳುವುದನ್ನು ಬಿಟ್ಟು, ಪೆಟ್ಟು ಎಲ್ಲಿಯವರೆಗೆ ಹೋಗಿದೆ ಎಂದು ಹುಡುಕುತ್ತೇನೆ.

ಬಂಪರ್, ಬಾನೆಟ್, ಮುಂದಿನ ಫೆಂಡರ್, ಬಾಗಿಲುಗಳು, ಡಿಕ್ಕಿಯ ಬಾಗಿಲು ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸುವಂಥವು. ಬದಲಾಗಿದ್ದರೆ ಬಿಲ್ ಕೇಳಿ ಮುಂದೆ ಹೋಗುತ್ತೇನೆ. ಅಪ್ರಾನ್ (ಬಾನೆಟ್ ಅಡಿಯಲ್ಲಿ ಎಂಜಿನ್ನಿನ ಎರಡೂ ಪಕ್ಕದ ಒಳಗೋಡೆ), ಅದರ ಕೆಳಗೆ ಮುಂದಕ್ಕೆ ಚಾಚಿದ ತೊಲೆಯಂಥ ಚಾಸಿಸ್ ಲೆಗ್, ರೂಫ್ ಹೊತ್ತ ಪಿಲ್ಲರ್‌ಗಳು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ರೂಫ್, ಹಿಂಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್, ಡಿಕ್ಕಿಯ ತಳ ಇವು ವೆಲ್ಡ್ ಆಗಿ ಕೂತವು. ನನ್ನ ಸಮಯವೆಲ್ಲ ಹೋಗುವುದು ಇವುಗಳ ಮೇಲೆ.

ಗಾಡಿ ನೋಡಲು ಹೋಗುವುದು ಹಗಲಲ್ಲಿ, ಒದ್ದೆ ಇಲ್ಲದಾಗ. ನೀರು ನಿಂತ ಬಾಡಿಯಲ್ಲಿ ಬಣ್ಣದ ವ್ಯತ್ಯಾಸ ಮುಚ್ಚಿಹೋಗುತ್ತದೆ. ಕೈಯಲ್ಲಿ ಒಂದು ಟಾರ್ಚ್, ಬಣ್ಣದ ದಪ್ಪ ಅಳೆಯುವ ಒಂದು ಪೇಂಟ್ ಗೇಜ್. ಗೇಜನ್ನು ಮೊದಲು ರೂಫ್ ಮೇಲೆ ಇಡುತ್ತೇನೆ, ಏಕೆಂದರೆ ಸಾಮಾನ್ಯವಾಗಿ ಪೆಟ್ಟು ಬೀಳದ ಜಾಗ ಅದೇ. ಕಂಪನಿ ಪೇಂಟ್ ಬಹುತೇಕ 80ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಳಗೆ ಇರುತ್ತದೆ. ಆಮೇಲೆ ಪ್ರತಿ ಪ್ಯಾನೆಲ್‌ನಲ್ಲಿ ನಾಲ್ಕು ಮೂಲೆ, ಒಂದು ನಡು. 200–300 ಬಂದರೆ ಮೇಲೆ ಇನ್ನೊಂದು ಕೋಟ್ ಹೊಡೆದಿದ್ದಾರೆ ಎಂದರ್ಥ. ಗೀರು ಮುಚ್ಚಲು ಹೊಡೆಸಿರಬಹುದು, ಅದು ದೊಡ್ಡ ವಿಷಯವಲ್ಲ. 500 ದಾಟಿದರೆ ಒಳಗೆ ಪುಟ್ಟಿ ಇದೆ. ನಡುವಿನಲ್ಲಿ ಸಾವಿರ ದಾಟಿ, ಒಂದು ಗೇಣು ಆಚೆ 120 ತೋರಿಸಿದರೆ ಅಲ್ಲೊಂದು ಗುಂಡಿ ತುಂಬಿಸಿದ್ದಾರೆ. ರೂಫ್‌ನಲ್ಲೇ 300 ಬಂದರೆ ಮರ ಬಿದ್ದ ಗಾಡಿಯೋ ಮಗುಚಿದ ಗಾಡಿಯೋ ಎಂಬ ಯೋಚನೆ ಶುರುವಾಗಬೇಕು.

ಗೇಜನ್ನು ಪೂರ್ತಿ ನಂಬಿ ಮೋಸ ಹೋಗುವವರೂ ಇದ್ದಾರೆ. ಪ್ಲಾಸ್ಟಿಕ್ ಬಂಪರ್ ಮೇಲೆ ಅದು ಓದುವುದೇ ಇಲ್ಲ. ಹೊಸ ಫೆಂಡರ್ ತಂದು ಚೆನ್ನಾಗಿ ಪೇಂಟ್ ಮಾಡಿ ಕೂರಿಸಿದ್ದರೆ 130–140 ತೋರಿಸಿ ಸುಮ್ಮನಾಗುತ್ತದೆ. ಅದನ್ನು ಹಿಡಿಯುವುದು ಬೋಲ್ಟ್‌ನಲ್ಲಿ. ಬಾಡಿ ಕಲರ್ ಬಳಿದಿರುವ ಬಾನೆಟ್ ಹಿಂಜ್ ಮತ್ತು ಫೆಂಡರ್ ಬೋಲ್ಟ್‌ಗಳ ಮೂಲೆಯಲ್ಲಿ ಪೇಂಟ್ ಚಕ್ಕೆ ಎದ್ದಿದ್ದರೆ, ವಾಷರ್‌ನ ಹಳೇ ಗುರುತು ಪಕ್ಕಕ್ಕೆ ಸರಿದಿದ್ದರೆ, ಅಲ್ಲಿ ಸ್ಪ್ಯಾನರ್ ಆಡಿದೆ.

ಇನ್ನು ಅಪ್ರಾನ್. ಬಾನೆಟ್ ಎತ್ತಿ ಟಾರ್ಚ್ ಹಾಕಿದರೆ ಎರಡು ತಗಡು ಸೇರುವ ಅಂಚಿನಲ್ಲಿ ಕಂಪನಿಯ ಸ್ಪಾಟ್ ವೆಲ್ಡ್ ಕಾಣುತ್ತವೆ: ಐದಾರು ಮಿಲಿಮೀಟರ್ ಅಗಲದ ದುಂಡನೆಯ ತಗ್ಗುಗಳು, ಒಂದೇ ಸಾಲಿನಲ್ಲಿ, ಸುಮಾರು ಒಂದೇ ಅಂತರದಲ್ಲಿ, ಗುಂಡಿ ಹೊಲಿದ ಹಾಗೆ. ಟಿಂಕರಿಂಗ್ ಶೆಡ್‌ನಲ್ಲಿ ಕತ್ತರಿಸಿ ಸಿಒ2 ವೆಲ್ಡ್ ಮಾಡಿದ್ದರೆ ಆ ಜಾಗದಲ್ಲಿ ಉಬ್ಬು, ಗ್ರೈಂಡರ್ ಗೀಚಿದ ಗುರುತು, ಅದನ್ನು ಮುಚ್ಚಲು ದಪ್ಪಗೆ ಬಳಿದ ಸೀಲೆಂಟ್ (ಸಂದು ಮುಚ್ಚುವ ಅಂಟು). ಕೆಲವು ಗಾಡಿಗಳಲ್ಲಿ ಕಂಪನಿಯ ಸೀಲೆಂಟೇ ಒರಟಾಗಿರುತ್ತದೆ. ಆಗ ಎಡಗಡೆಯದನ್ನು ಬಲಗಡೆಯದರ ಜೊತೆ ಹೋಲಿಸಿ ನೋಡಬೇಕು. ಎರಡೂ ಕಡೆ ಒಂದೇ ಥರ ಒರಟಿದ್ದರೆ ಸರಿ.

ಚಾಸಿಸ್ ಲೆಗ್‌ನಲ್ಲಿ ಮಡಿಕೆ ಹುಡುಕುತ್ತೇನೆ. ಗುದ್ದಿದಾಗ ಮಡಚಿಕೊಂಡು ಪೆಟ್ಟು ಹೀರಲಿ ಎಂದೇ ಅದರಲ್ಲಿ ತಗ್ಗುಗಳನ್ನು ಕೊಟ್ಟಿರುತ್ತಾರೆ, ಅವನ್ನು ನೋಡಿ ಗಾಬರಿಯಾಗಬೇಡಿ. ಇಲ್ಲೂ ಆಚೆ ಬದಿಯೇ ಅಳತೆಗೋಲು. ಒಂದು ಕಡೆ ಮಾತ್ರ ಸುಕ್ಕಿದ್ದರೆ ಒಮ್ಮೆ ಮಡಚಿದ್ದನ್ನು ಚೈನ್ ಹಾಕಿ ಎಳೆದು ನೆಟ್ಟಗೆ ಮಾಡಿದ್ದಾರೆ. ನೋಡಲು ನೆಟ್ಟಗಾದರೂ ಕಬ್ಬಿಣಕ್ಕೆ ಮೊದಲಿನ ಗುಣ ಬರುವುದಿಲ್ಲ. ಈಗಿನ ಗಾಡಿಗಳ ಹೈ ಟೆನ್ಸೈಲ್ ಉಕ್ಕಿಗೆ ಗ್ಯಾಸ್ ಬೆಂಕಿ ಹಿಡಿದರಂತೂ ಶಕ್ತಿಯೇ ಇಳಿಯುತ್ತದೆ. ಮುಂದಿನ ಸಲ ಗುದ್ದಿದಾಗ ಅದು ಎಲ್ಲಿ ಮಡಚುತ್ತದೆ ಎಂದು ಯಾರೂ ಹೇಳಲಾರರು.

ಬಾಗಿಲು ತೆಗೆದು ಪಿಲ್ಲರ್‌ನ ರಬ್ಬರ್ ಬೀಡಿಂಗ್ ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಆಮೇಲೆ ಒತ್ತಿದರೆ ಕೂರುತ್ತದೆ. ಅದರಡಿಯ ಅಂಚಿನಲ್ಲೂ ಅದೇ ಸ್ಪಾಟ್ ವೆಲ್ಡ್ ಸಾಲು ಇರಬೇಕು. ನಡುವಿನ ಪಿಲ್ಲರ್‌ನಲ್ಲಿ ಸಾಲು ತಪ್ಪಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಬೆಲೆಯ ಮಾತೂ ಆಡುವುದಿಲ್ಲ. ಹಿಂದೆ ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆಸಿ, ಗುಂಡಿಯ ಸುತ್ತ ಕೈಯಾಡಿಸುತ್ತೇನೆ. ಸುಕ್ಕು, ತುಕ್ಕು, ವೈರಿನ ಮೇಲೆ ಸಿಡಿದ ಪೇಂಟ್, ಯಾವುದಿದ್ದರೂ ಹಿಂದಿನಿಂದ ಜೋರಾಗಿ ಗುದ್ದಿಸಿಕೊಂಡಿರಬಹುದು.

ಏರ್‌ಬ್ಯಾಗ್ ವಿಷಯದಲ್ಲಿ ಆಟಗಳು ಜಾಸ್ತಿ. ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿಗೆ ಆರಬೇಕು. ಹತ್ತುವುದೇ ಇಲ್ಲವೆಂದರೆ ದೀಪವನ್ನೇ ಕಿತ್ತಿರಬಹುದು. ಸರಿಯಾಗಿ ಹತ್ತಿ ಆರಿದರೂ ಒಂದು ಅಪಾಯ ಉಳಿಯುತ್ತದೆ: ಬಿಚ್ಚಿಕೊಂಡ ಬ್ಯಾಗ್‌ನ ಜಾಗದಲ್ಲಿ ಅಷ್ಟೇ ಓಮ್‌ನ (ಅಷ್ಟೇ ವಿದ್ಯುತ್ ತಡೆಯ) ರೆಸಿಸ್ಟರ್ ಹಾಕಿದರೆ ಗಾಡಿಯ ದೋಷ ಓದುವ ಸ್ಕ್ಯಾನರ್ ಕೂಡ 'ಎಲ್ಲ ಸರಿ' ಎನ್ನುತ್ತದೆ. ಬ್ಯಾಗ್ ಬಿಚ್ಚಿಕೊಳ್ಳುವಷ್ಟು ಜೋರಾಗಿ ಗುದ್ದಿದ್ದರೆ ಬೆಲ್ಟೂ ಬದಲಾಗಿರಬಹುದು, ಅದಕ್ಕೇ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ತುದಿಯ ಲೇಬಲ್ ಓದುತ್ತೇನೆ. ಬೆಲ್ಟ್ ತಯಾರಾದ ತಾರೀಕು ಗಾಡಿಗಿಂತ ಎರಡು ವರ್ಷ ಹೊಸದಾಗಿದ್ದರೆ ಅದು ಯಾಕೆ ಬದಲಾಯಿತು ಎಂಬ ಪ್ರಶ್ನೆಗೆ ಉತ್ತರ ಬೇಕು. ಬೆಲ್ಟಿನ ಬುಡದಲ್ಲಿ ಒಣಗಿದ ಕೆಸರು ಸಿಕ್ಕರೆ ಕಥೆಯೇ ಬೇರೆ, ಅದು ನೀರಲ್ಲಿ ಮುಳುಗಿದ ಗಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಮುಳುಗಿದ ಕಾರುಗಳನ್ನು ನೆನಪಿಸಿಕೊಳ್ಳಿ.

ಗಾಜುಗಳ ಮೂಲೆಯಲ್ಲಿ ಅಚ್ಚಾದ ತಯಾರಕರ ಗುರುತನ್ನು ಒಂದಕ್ಕೊಂದು ಹೋಲಿಸುವುದು ಒಂದು ನಿಮಿಷದ ಕೆಲಸ. ಮುಂದಿನ ಗಾಜೊಂದೇ ಬೇರೆಯಾಗಿದ್ದರೆ ಕಲ್ಲು ಬಡಿದಿರಬಹುದು, ಪಕ್ಕದ ಎರಡು ಗಾಜೂ ಬೇರೆ ಎಂದರೆ ಆ ಬದಿಗೆ ಪೆಟ್ಟು ಬಿದ್ದಿದೆ.

ಓಡಿಸಿ ನೋಡಿದ ಮೇಲೆ ಗಾಡಿಯನ್ನು ವೀಲ್ ಅಲೈನ್‌ಮೆಂಟ್ ಅಂಗಡಿಗೆ ಒಯ್ದು, ಏನನ್ನೂ ಸರಿ ಮಾಡಿಸದೆ ಚಕ್ರಗಳ ಕೋನಗಳ ಪ್ರಿಂಟ್ ಮಾತ್ರ ತೆಗೆಸುತ್ತೇನೆ. ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎಂಬುದನ್ನು ಯಾರು ಬೇಕಾದರೂ ತಿರುಗಿಸಿ ಸರಿ ಮಾಡಬಹುದು, ಅದರಿಂದ ಏನೂ ತಿಳಿಯದು. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲುವ ಕೋನ, ತಿರುಗಿಸಲು ವ್ಯವಸ್ಥೆಯೇ ಇಲ್ಲ. ಎಡಕ್ಕೂ ಬಲಕ್ಕೂ ಒಂದು ಡಿಗ್ರಿಯಷ್ಟು ಫರಕು ಬಂದರೆ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್, ನಕಲ್, ಸ್ಟ್ರಟ್ ಇವುಗಳಲ್ಲಿ ಏನೋ ಬಗ್ಗಿದೆ, ಇಲ್ಲವೇ ಅಪ್ರಾನೇ ಜಾಗ ಬಿಟ್ಟಿದೆ. ನಾಲ್ಕೂ ಟೈರ್ ಹೊಚ್ಚ ಹೊಸದಿದ್ದರೆ ಖುಷಿಪಡುವ ಬದಲು ಹಳೆಯವು ಹೇಗೆ ಸವೆದಿದ್ದವು ಎಂದು ಕೇಳಿ.

ಕಾಗದದಲ್ಲಿ ಇನ್ಶೂರೆನ್ಸ್ ಪಾಲಿಸಿ ಮೊದಲು. ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಶೇ. 20, 25, 35, 45, 50 ಎಂದು ವರ್ಷ ವರ್ಷ ಏರಬೇಕು. ಒಬ್ಬರೇ ಓನರ್ ಇದ್ದ ಐದು ವರ್ಷದ ಗಾಡಿಗೆ ಸೊನ್ನೆ ಇದ್ದರೆ ಕಳೆದ ಪಾಲಿಸಿಯಲ್ಲಿ ಕ್ಲೈಮ್ ಆಗಿರಬಹುದು. ಬೋನಸ್ ಉಳಿಸುವ ಆಡ್-ಆನ್ ತೆಗೆದುಕೊಂಡಿದ್ದರೆ ಕ್ಲೈಮ್ ಆಗಿಯೂ 50 ಕಾಣಬಹುದು, ಅದನ್ನೂ ನೋಡಿ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯ) ಶೇ. 75 ದಾಟಿದರೆ ಗಾಡಿಯನ್ನು ಟೋಟಲ್ ಲಾಸ್ ಎಂದು ಲೆಕ್ಕ ಹಾಕುತ್ತಾರೆ. ಹಾಗೆ ಬಿಟ್ಟುಕೊಟ್ಟ ಗಾಡಿಗಳೂ ರಿಪೇರಿಯಾಗಿ ಮತ್ತೆ ಮಾರುಕಟ್ಟೆಗೆ ಬರುತ್ತವೆ. ಓನರ್ ಕೈಯಲ್ಲೇ ಸರ್ವೀಸ್ ಸೆಂಟರಿಗೆ ಫೋನ್ ಮಾಡಿಸಿ ಬಾಡಿ ಶಾಪ್ ಬಿಲ್‌ಗಳನ್ನು ತರಿಸಿಕೊಳ್ಳುತ್ತೇನೆ. ಅದರಲ್ಲಿ ಬಂಪರ್, ಹೆಡ್‌ಲೈಟ್, ಬಾನೆಟ್ ಇದ್ದರೆ ಸರಿ. ಅಪ್ರಾನ್, ಕ್ರಾಸ್ ಮೆಂಬರ್, ಏರ್‌ಬ್ಯಾಗ್ ಮಾಡ್ಯೂಲ್ ಎಂದು ಬರೆದಿದ್ದರೆ ಕತೆ ಮುಗಿಯಿತು.

ಬೆಲೆಗೆ ನನ್ನ ಲೆಕ್ಕ ಹೀಗೆ. ಬರೀ ಪೇಂಟ್ ಆಗಿದ್ದರೆ ಏನೂ ಇಳಿಸುವುದಿಲ್ಲ. ಮುಂಭಾಗದ ಬೋಲ್ಟ್ ಭಾಗಗಳು ಬದಲಾಗಿ ಬಿಲ್ ಇದ್ದರೆ ಶೇ. 5ರಷ್ಟು. ಕ್ವಾರ್ಟರ್ ಪ್ಯಾನೆಲ್ ಅಥವಾ ಡಿಕ್ಕಿಯ ತಳ ನೀಟಾಗಿ ರಿಪೇರಿಯಾಗಿದ್ದರೆ ಶೇ. 15–20, ಏಕೆಂದರೆ ನಾಳೆ ನಾನು ಮಾರುವಾಗ ಕೊಳ್ಳುವವನೂ ಸ್ಟೆಪ್ನಿ ಎತ್ತಿ ನೋಡುತ್ತಾನೆ. ಅಪ್ರಾನ್, ಚಾಸಿಸ್ ಲೆಗ್, ಪಿಲ್ಲರ್ ಮುಟ್ಟಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಪ್ರಿಂಟ್, ಬಿಲ್, ಪಾಲಿಸಿ ಮೂರೂ ಕೈಗೆ ಬರುವ ತನಕ ಅಡ್ವಾನ್ಸ್ ಒಂದು ರೂಪಾಯಿಯೂ ಕೊಡುವುದಿಲ್ಲ. "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ ಸಾರ್" ಎನ್ನುತ್ತಾರೆ ಬ್ರೋಕರ್. ಬರಲಿ ಬಿಡಿ ಎನ್ನುತ್ತೇನೆ.