ಕಾಣದ ಅಕ್ಷರ ಹಿಡಿಯಲು ಹೋಗಿ ಕನ್ನಡದ ಮೇಲ್ ತಡೆದೆ

ಒಂದು ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಜಂಕ್ ಮೇಲ್ ತಡೆಯಲು ಸ್ಪ್ಯಾಮ್‌ಅಸ್ಯಾಸಿನ್ ಹಾಕಿದ್ದೇವೆ. ಅದು ಪ್ರತಿ ಮೇಲ್‌ಗೂ ರೂಲ್‌ಗಳ ಪ್ರಕಾರ, ಅಂದರೆ ಇಂಥದ್ದು ಕಂಡರೆ ಇಷ್ಟು ಎಂಬ ನಿಯಮಗಳ ಪ್ರಕಾರ, ಅಂಕ ಕೊಡುತ್ತದೆ. ಒಟ್ಟು 5 ಮುಟ್ಟಿದರೆ ಆ ಮೇಲ್ ಸ್ಪ್ಯಾಮ್.

ಒಂದು ದಿನ ಅಕೌಂಟ್ಸ್‌ನವರು ಕರೆದು ಒಂದು ಮೇಲ್ ತೋರಿಸಿದರು. ನಿಮ್ಮ ಪಾಸ್‌ವರ್ಡ್ ಅವಧಿ ಇವತ್ತೇ ಮುಗಿಯುತ್ತದೆ, ಇಲ್ಲಿ ಒತ್ತಿ ಅಂತ ಇಂಗ್ಲಿಷಿನಲ್ಲಿತ್ತು. ಇಂಥ ಸಾಲುಗಳಿಗೆ ನಾನು ಆಗಲೇ ರೂಲ್ ಬರೆದಿದ್ದೆ. ಮತ್ತೆ ಯಾಕೆ ಸಿಕ್ಕಿಬೀಳಲಿಲ್ಲ? ಮೇಲ್‌ನ ಸೋರ್ಸ್, ಅಂದರೆ ತೆರೆಯ ಹಿಂದಿನ ಮೂಲ ಪಠ್ಯ, ತೆಗೆದು ನೋಡಿದೆ. ಪಾಸ್‌ವರ್ಡ್ ಎಂಬುದರ ಎಂಟು ಇಂಗ್ಲಿಷ್ ಅಕ್ಷರಗಳ ನಡುನಡುವೆ 8204 ಎಂಬ ಸಂಖ್ಯೆಯ ಕೋಡ್ ತುರುಕಿದ್ದರು. ಅದು ಅಗಲವೇ ಇಲ್ಲದ ಅಕ್ಷರ, ಕಣ್ಣಿಗೆ ಬೀಳುವುದಿಲ್ಲ. ಓದುವವರಿಗೆ ಇಡೀ ಪದ ಕಾಣುತ್ತದೆ, ನನ್ನ ರೂಲ್‌ಗೆ ಮಾತ್ರ ಎಂಟು ಬಿಡಿ ಅಕ್ಷರ.

ಈ ಜಾತಿಯ ಕಳ್ಳದಾರಿ ಹಳೆಯದು. 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ಲೇಖನದಿಂದ, ಪದಗಳನ್ನು ಎಣಿಸಿ ಸ್ಪ್ಯಾಮ್ ಗುರುತಿಸುವ ಫಿಲ್ಟರ್‌ಗಳು ಹರಡಿದವು. ಸ್ಪ್ಯಾಮ್ ಕಳಿಸುವವರು ಮೇಲ್‌ನ ಕೊನೆಯಲ್ಲಿ ಯಾವುದೋ ಕಥೆಯ ಸಾಲುಗಳನ್ನು ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ಸೇರಿಸತೊಡಗಿದರು, ಒಳ್ಳೆಯ ಪದ ಜಾಸ್ತಿಯಾಗಲಿ ಅಂತ. 2006ರ ಹೊತ್ತಿಗೆ ಫಿಲ್ಟರ್ ಕೈಗೆ ಪದ ಸಿಗದಂತೆ ಇಡೀ ಜಾಹೀರಾತೇ ಚಿತ್ರವಾಗಿ ಬರುತ್ತಿತ್ತು. ಈಗ ಕ್ಯೂಆರ್ ಕೋಡ್.

ನಾನು ಅವತ್ತೇ ಹೊಸ ರೂಲ್ ಹಾಕಿದೆ. ಕಾಣದ ಅಕ್ಷರ ಎಲ್ಲಿದ್ದರೂ 4 ಅಂಕ.

ಮೂರನೇ ದಿನ ಕನ್ನಡ ವಿಭಾಗದ ಮೇಡಂ ಬಂದರು. "ಸರ್, ಹುಡುಗರು ಅಸೈನ್‌ಮೆಂಟ್ ಕಳಿಸಿದ್ದೀವಿ ಅಂತಿದ್ದಾರೆ. ನನಗೆ ಒಂದೂ ಬಂದಿಲ್ಲ. ಸುಮ್ನೆ ಬೈದುಬಿಟ್ಟೆ ಅವರಿಗೆ." ಜಂಕ್ ಫೋಲ್ಡರ್ ತೆಗೆದರೆ 23 ಮೇಲ್ ಅಲ್ಲಿ ಬಿದ್ದಿದ್ದವು. ನನ್ನ ರೂಲ್‌ನಿಂದ 4, ಸಬ್ಜೆಕ್ಟ್ ಬರೆಯದ್ದಕ್ಕೆ ಇನ್ನೊಂದಿಷ್ಟು. ನನಗೆ ತುಂಬಾ ಬೇಜಾರಾಯಿತು.

ಆ 8204 ನಮ್ಮ ಲಿಪಿಗೆ ಬೇಕೇ ಬೇಕು. 'ಮೇಲ್‌ನಲ್ಲಿ' ಅಂತ ಬರೆದಾಗ ಲ್ ಮತ್ತು ನ ನಡುವೆ ಕೂತಿರುವುದು ಅದೇ. ಅದನ್ನು ತೆಗೆದರೆ ನ ಒತ್ತಕ್ಷರವಾಗಿ ಕೆಳಗಿಳಿದು 'ಮೇಲ್ನಲ್ಲಿ' ಆಗುತ್ತದೆ. ದಿನಾ ಕನ್ನಡ ಟೈಪ್ ಮಾಡುವ ನನಗೆ ಇದು ಹೊಳೆಯಬೇಕಿತ್ತು.

ರೂಲ್ ತಿದ್ದಿದೆ. ಕಾಣದ ಅಕ್ಷರದ ಎರಡೂ ಪಕ್ಕ ಇಂಗ್ಲಿಷ್ ಅಕ್ಷರವಿದ್ದರೆ ಮಾತ್ರ ಅಂಕ. ಕನ್ನಡದಲ್ಲಿ ಅದು ಅರ್ಧಾಕ್ಷರದ ಚಿಹ್ನೆಯ ಹಿಂದೆಯೇ ಬರುವುದರಿಂದ ಈ ಬಲೆಗೆ ಬೀಳುವುದಿಲ್ಲ. ಅಂಕವನ್ನೂ 4ರಿಂದ 2.5ಕ್ಕೆ ಇಳಿಸಿದೆ. ಒಂದೇ ರೂಲ್ ನಂಬಿ ಯಾರ ಮೇಲನ್ನೂ ತಡೆಯಬಾರದು ಅಲ್ವಾ. ಮೊದಲ ವಾರ ಬರೀ 0.01 ಅಂಕ ಕೊಟ್ಟು, ಯಾವ ಮೇಲ್‌ಗೆ ತಗುಲುತ್ತದೆ ಅಂತ ಲಾಗ್‌ನಲ್ಲಿ ದಿನಾ ನೋಡಿದೆ. ಹೊಸ ರೂಲ್ ಬರೆಯುವವರು ದಯವಿಟ್ಟು ಹೀಗೇ ಮಾಡಿ.

ಆ 23 ಮೇಲ್‌ಗಳನ್ನು ನಾನೇ ಮೇಡಂ ಇನ್‌ಬಾಕ್ಸ್‌ಗೆ ಹಾಕಿದೆ. ಬಂದ ದಿನಾಂಕ ನೋಡಿ ಅವರು ಯಾರ ಅಂಕವನ್ನೂ ಕಳೆಯಲಿಲ್ಲ. ಹುಡುಗರ ಅನುಮತಿ ಕೇಳಿ ಅದರಲ್ಲಿ ಕೆಲವನ್ನು ರೂಲ್ ಪರೀಕ್ಷಿಸುವ ಫೋಲ್ಡರ್‌ನಲ್ಲಿ ಇಟ್ಟುಕೊಂಡಿದ್ದೇನೆ. ಈಗ ಯಾವ ರೂಲ್ ಬರೆದರೂ ಮೊದಲು ಓಡಿಸುವುದು ಅವುಗಳ ಮೇಲೆ.