ರೊಟ್ಟಿ ಬಡಿದರೂ ಹೆಜ್ಜೆ ಎಣಿಸುವ ಬ್ಯಾಂಡು: ಕಟ್ಟುವುದು, ಓದುವುದು ಹೇಗೆ

ಫಿಟ್‌ನೆಸ್ ಬ್ಯಾಂಡ್‌ಗೆ ಗೊತ್ತಾಗುವುದು ಕೈಯ ಅಲುಗಾಟ, ಕಾಲಿನದಲ್ಲ. ಜೋಳದ ರೊಟ್ಟಿ ಬಡಿಯುವ ಬಲಗೈಯಲ್ಲಿ ಅದಿದ್ದರೆ, ಒಂದೇ ಲಯದ ಏಟುಗಳನ್ನೂ ಹೆಜ್ಜೆ ಅಂತ ಸೇರಿಸಿಕೊಳ್ಳುತ್ತದೆ. ಒಲೆ ಮುಂದೆ ಕೂತಲ್ಲೇ ಲೆಕ್ಕ ಏರುತ್ತದೆ. ತಗ್ಗು ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದರೂ ಹಾಗೇ. ತಳ್ಳುಗಾಡಿ ನೂಕುವವರಿಗೆ, ತಲೆ ಮೇಲಿನ ಬುಟ್ಟಿ ಹಿಡಿದು ನಡೆಯುವವರಿಗೆ ಉಲ್ಟಾ: ಕೈ ಆಡುವುದಿಲ್ಲ, ನಡೆದ ಹೆಜ್ಜೆಯೂ ತಪ್ಪುತ್ತದೆ. ಬಲಗೈ ರೂಢಿಯವರು ಎಡಗೈಗೆ ಕಟ್ಟಿ, ಆ್ಯಪ್‌ನಲ್ಲೂ ಎಡಗೈ ಅಂತಲೇ ಆರಿಸಿ. ಗಾಡಿ ನೂಕುವಾಗ ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳಿ. ಎಣಿಕೆ ಸುಧಾರಿಸುತ್ತದೆ, ಆ ಹೊತ್ತಿನ ನಾಡಿ ಮಾತ್ರ ಸಿಗುವುದಿಲ್ಲ.

ಮಣಿಕಟ್ಟಿನ ಗಂಟು ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಬೇಕು. ಹಿಂಬದಿಯ ಹಸಿರು ದೀಪ ಚರ್ಮದೊಳಗಿನ ರಕ್ತದ ಏರಿಳಿತ ನೋಡಿ ನಾಡಿ ಲೆಕ್ಕ ಹಾಕುತ್ತದೆ. ಸಡಿಲವಿದ್ದರೆ ಹೊರಗಿನ ಬೆಳಕು ನುಸುಳಿ ಲೆಕ್ಕ ಕೆಡುತ್ತದೆ. ಗಾಜಿನ ಬಳೆಗಳ ನಡುವೆ ಸಿಕ್ಕಿಸಬೇಡಿ, ಬಳೆ ದಾಟಿ ಮೊಳಕೈ ಕಡೆಗೆ ಕಟ್ಟಿ. ಮುಂಗೈಯಲ್ಲಿ ದಟ್ಟ ಹಚ್ಚೆ ಇದ್ದರೆ ಬಣ್ಣವೇ ಬೆಳಕು ಹೀರಿಬಿಡುತ್ತದೆ, ಇನ್ನೊಂದು ಕೈ ನೋಡಿ.

ಕಟ್ಟಿದ ಮೇಲೆ ಪರೀಕ್ಷೆ ಮಾಡಿ. ಬಾಯಲ್ಲಿ ಎಣಿಸುತ್ತ 200 ಹೆಜ್ಜೆ ನಡೆಯಿರಿ. ಬ್ಯಾಂಡ್ 190ರಿಂದ 210ರೊಳಗೆ ತೋರಿಸಿದರೆ ಸಾಕು. ದೂರ ತಪ್ಪು ಬರುತ್ತಿದ್ದರೆ 400 ಮೀಟರ್ ಟ್ರ್ಯಾಕ್‌ನಲ್ಲಿ ಒಂದು ಸುತ್ತು ಹಾಕಿ, 400ನ್ನು ಹೆಜ್ಜೆಗಳಿಂದ ಭಾಗಿಸಿ. 600 ಹೆಜ್ಜೆಯಾದರೆ ನಿಮ್ಮ ಹೆಜ್ಜೆ ಸುಮಾರು 67 ಸೆಂ.ಮೀ.; ಅದನ್ನೇ ಆ್ಯಪ್‌ಗೆ ಕೊಡಿ.

ಅಂದಹಾಗೆ, ದಿನಕ್ಕೆ 10,000 ಹೆಜ್ಜೆ ಎಂಬುದು ವೈದ್ಯರ ಲೆಕ್ಕದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರು ಅದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ ದಣಿವು ಹೆಜ್ಜೆ ಲೆಕ್ಕದಲ್ಲಿ ಕಾಣುವುದಿಲ್ಲ, ನಾಡಿಯ ಗೆರೆಯಲ್ಲಿ ಕಾಣುತ್ತದೆ.

ನಿದ್ದೆಯ ವಿಷಯದಲ್ಲಿ ನಂಬಬೇಕಾದದ್ದು ಮಲಗಿದ ಹೊತ್ತು, ಎದ್ದ ಹೊತ್ತು ಅಷ್ಟೇ. ‘ಗಾಢ ನಿದ್ದೆ 52 ನಿಮಿಷ’ ಅನ್ನುವುದು ಅಲುಗಾಟ, ನಾಡಿ ನೋಡಿ ಕಟ್ಟಿದ ಅಂದಾಜು; ನಿಜವಾದ ಪರೀಕ್ಷೆಗೆ ತಲೆಗೆ ವೈರ್ ಅಂಟಿಸಿ ಮೆದುಳಿನ ಅಲೆ ನೋಡಬೇಕು. ಮಾಳಿಗೆ ಮೇಲೆ ಅಲುಗಾಡದೆ ಮೊಬೈಲ್ ನೋಡುತ್ತ ಮಲಗಿದ್ದನ್ನೂ ಬ್ಯಾಂಡ್ ನಿದ್ದೆ ಅಂದುಕೊಳ್ಳಬಹುದು. ತೋರಣಗಲ್ಲು, ಶಕ್ತಿನಗರದ ಕಡೆ ನೈಟ್ ಶಿಫ್ಟ್ ಮಾಡುವವರು ಇನ್ನೊಂದು ನೋಡಿಕೊಳ್ಳಬೇಕು: ಕೆಲವು ಅಗ್ಗದ ಬ್ಯಾಂಡ್‌ಗಳು ರಾತ್ರಿಯ ನಿದ್ದೆಯನ್ನಷ್ಟೇ ದಾಖಲಿಸುತ್ತವೆ. ಕೊಂಡ ಮೊದಲ ವಾರವೇ ಹಗಲು ಮಲಗಿ ಪರೀಕ್ಷಿಸಿ, ದಾಖಲಾಗದಿದ್ದರೆ ವಾಪಸ್ ಮಾಡುವ ಗಡುವಿನೊಳಗೆ ಕೊಟ್ಟುಬಿಡಿ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಮನೆಯವರಿಗೆ ಕಂಡರೆ, ಬ್ಯಾಂಡ್ ನಿದ್ದೆಗೆ ನೂರಕ್ಕೆ 90 ಅಂಕ ಕೊಟ್ಟರೂ ವೈದ್ಯರಿಗೆ ತೋರಿಸಿ.

ನಮ್ಮ ಬೇಸಿಗೆಯಲ್ಲಿ ಬೆವರಿನ ಉಪ್ಪು ಪಟ್ಟಿಯಡಿ ನಿಂತು ತುರಿಕೆ ಎಬ್ಬಿಸುತ್ತದೆ. ದಿನವೂ ಬಿಚ್ಚಿ, ಸಾದಾ ನೀರಲ್ಲಿ ತೊಳೆದು, ಕೈ ಪೂರ್ತಿ ಒಣಗಿದ ಮೇಲೆ ಕಟ್ಟಿ. ಸ್ನಾನದ ಹೊತ್ತೇ ಚಾರ್ಜಿಗೆ ಹಾಕುವ ಹೊತ್ತು. ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಬೇಡ, 45 ಡಿಗ್ರಿ ದಾಟಿದರೆ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಚಾರ್ಜ್ ಏರದಿದ್ದರೆ ಮೊದಲು ಹಿಂಬದಿಯ ಪಿನ್ ನೋಡಿ. ಬೆವರಿಗೆ ಕಪ್ಪುಗಟ್ಟಿರುತ್ತದೆ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ.